ಸಾರುಗನಿಗೆ ಕೊಟ್ಟ ನೀರು

ಗದಗ, ೨೧೯೪ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕು

ನಿಮ್ಮ ಕಾಲದ ಬಾಡಿಗೆದಾರರಿಗೆ ನೀಲಾಂಬಿಕೆಯ ಶರಣು. ಈ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನನ್ನ ಕೆಲವು ಮಾತುಗಳೂ ನಿಮಗೆ ಹೊಸವು. ಹೊಟ್ಟೆಗೆ ಹಾಕಿಕೊಳ್ಳಿ.

ಮನೆ ಬಿಡಿಸುವ ಮೊದಲು ಮಾಲೀಕರು ನಿಮಗೆ ಕಾಗದದ ನೋಟಿಸು ಕಳಿಸುತ್ತಿದ್ದರಂತೆ. ನಮ್ಮಲ್ಲಿ ಕಾಗದ ಮುಗಿದು ಬಹಳ ಕಾಲವಾಯಿತು, ಇದನ್ನೂ ಹಲಗೆಯ ಮೇಲೆ ಬರೆಯುತ್ತಿದ್ದೇನೆ. ಸಾರುಗನೆಂಬ ಸರ್ಕಾರಿ ನೌಕರ ಬಾಗಿಲ ಮುಂದೆ ನಿಂತು, ಯಾರ ಹೆಸರೂ ಹೇಳದೆ, ನೋಟಿಸನ್ನು ಗಟ್ಟಿಯಾಗಿ ಓದುತ್ತಾನೆ. ನೀರು ರೇಷನ್ನಿನಲ್ಲಿ ಸಿಗುವ ಕಾಲವಿದು. ಬಾಗಿಲು ತೆರೆದು ಅವನಿಗೆ ನೀರು ಕೊಟ್ಟರೆ ನೋಟಿಸು ಒಪ್ಪಿಕೊಂಡಂತೆ. ಅಂದಿನಿಂದ ತೊಂಬತ್ತು ದಿನಕ್ಕೆ ಮನೆ ಖಾಲಿ ಮಾಡಬೇಕು. ಮೂರು ಸಲ ಬಂದರೂ ಬಾಗಿಲು ತೆರೆಯದಿದ್ದರೆ ಮಾಲೀಕರು ಇನ್ನೊಂದು ವರ್ಷ ಕಾಯಬೇಕು. ಹಾಗಾಗಿ ಸಾರುಗ ಬಂದನೆಂದರೆ ಎಲ್ಲರೂ ಚಿಲಕ ಹಾಕಿಕೊಂಡು ತೆಪ್ಪಗೆ ಕೂರುತ್ತಾರೆ.

ನನ್ನ ಅತ್ತೆ ಗುರುಬಸವ್ವನವರಿಗೆ ಕಣ್ಣು ಕಾಣುವುದಿಲ್ಲ. ಹದಿನೆಂಟು ವರ್ಷದಿಂದ ಈ ಮನೆಯ ಗೋಡೆ ಸವರಿಕೊಂಡು ಒಲೆಗೂ ಬಚ್ಚಲಿಗೂ ತಾವೇ ಹೋಗುತ್ತಾರೆ, ಯಾರ ಕೈಯನ್ನೂ ಹಿಡಿದವರಲ್ಲ. ಹೊಸ ಮನೆಯಲ್ಲಿ ಅದು ಆಗದ ಮಾತು. ಅದಕ್ಕೇ ನೋಟಿಸಿನ ಸುದ್ದಿಯನ್ನು ಅವರಿಂದ ಮುಚ್ಚಿಟ್ಟೆ. ಸಾರುಗ ಎರಡು ಸಲ ಬಂದು ಓದಿದಾಗ, ಅದು ಎದುರು ಮನೆಯವರಿಗೆ ಬಂದದ್ದು ಎಂದು ಸುಳ್ಳು ಹೇಳಿದೆ.

ಮೂರನೆಯ ಸಲ ಅವನು ಬಂದಾಗ ನಾನು ನೀರಿನ ಪಾಳಿಯಲ್ಲಿದ್ದೆ. ಮರಳಿ ಬಂದರೆ ಬಾಗಿಲು ತೆರೆದಿತ್ತು, ಸಾರುಗ ಹೊಸ್ತಿಲ ಬಳಿ ನಿಂತು ಬಾಯಿ ಒರೆಸಿಕೊಳ್ಳುತ್ತಿದ್ದ. “ಎದುರು ಮನಿಯವರು ಬಾಗಲಾ ತಗೀಲೇ ಇಲ್ಲ ನೋಡವಾ. ಓದಿ ಓದಿ ಪಾಪ ಇವನ ಗಂಟಲಾ ಒಣಗಿತ್ತು. ಒಂದ್ ಚರಗಿ ನೀರು ಕೊಟ್ಟೆ,” ಎಂದರು ಅತ್ತೆ. ಸಾರುಗ ನನ್ನ ಮುಖ ನೋಡದೆ ವೇಳೆ ಗುರುತು ಹಾಕಿಕೊಂಡು ಹೋದ. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಕೊಡ ಇಳಿಸಿ ಅಡುಗೆಗೆ ಇಟ್ಟೆ.

ನಾಳೆ ತೊಂಬತ್ತನೆಯ ದಿನ. ಸಾಮಾನು ಕಟ್ಟುತ್ತಿರುವುದು ಗೋಡೆಗೆ ಬಣ್ಣ ಹೊಡೆಸಲಿಕ್ಕೆ ಎಂದಿದ್ದೇನೆ. ಅತ್ತೆ ನಂಬಿದ್ದಾರೆ, ಯಾವ ಬಣ್ಣ ಎಂದೂ ಕೇಳಿದರು.

ನಿಮ್ಮಲ್ಲಿ ಒಂದೇ ಕೋರಿಕೆ. ನೋಟಿಸು ಬಂದ ದಿನವೇ ಮನೆಯವರನ್ನೆಲ್ಲ ಕೂರಿಸಿಕೊಂಡು ಓದಿ ಹೇಳಿ, ವಯಸ್ಸಾದವರನ್ನು ಬಿಡಬೇಡಿ. ಮಾಲೀಕರು ನನಗೆ ತೊಂಬತ್ತು ದಿನ ಕೊಟ್ಟರು. ಅತ್ತೆಗೆ ನಾನು ಉಳಿಸಿರುವುದು ಈ ಒಂದು ಸಂಜೆ. ಅದನ್ನೂ ನಿಮಗೆ ಬರೆಯುತ್ತ ಕಳೆಯುತ್ತಿದ್ದೇನೆ.

ನೀಲಾಂಬಿಕೆ