ಹಸಿರು ಬಿಲ್ಲೆಯ ಕಿವಿ, ಹದಿನಾಲ್ಕನೇ ನಂಬರಿನ ಬಸ್ಸು

ಕೆನಡಾದ ಈ ಬಯಲುಸೀಮೆಯಲ್ಲಿ, ಮೈನಸ್ ಮೂವತ್ತರ ಚಳಿಯಲ್ಲೂ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆಂದು ನಂಬಿ ನಿಂತ ಮಹಾಜನಗಳೇ, ಡಿಪೋದ ಕಾಫಿ ಯಂತ್ರವೇ, ಗೋಡೆಯ ಮೇಲೆ ಹಲ್ಲು ಕಿರಿಯುವ ಪೋಸ್ಟರೇ, ಮತ್ತು ಅದನ್ನು ಅಂಟಿಸಿದ ನೌಕರರ ಕ್ಷೇಮ ವಿಭಾಗದ ಮಾನ್ಯ ಮುಖ್ಯಸ್ಥರೇ,

ನೀವು ಕೊಟ್ಟ ಮಾತಿಗೆ ತಪ್ಪಿದ್ದೀರಿ. ‘ಮನಸ್ಸಿನ ಭಾರ ಇಳಿಸಿ, ಗುಟ್ಟು ನಮ್ಮಲ್ಲೇ ಉಳಿಯುತ್ತದೆ’ ಎಂದು ಪೋಸ್ಟರಿನಲ್ಲಿ ಅಭಯ ಕೊಟ್ಟಿರಿ. ಅದನ್ನು ನಂಬಿದ ವಾಸಿಲ್ ಕೊವಾಲ್ಚುಕ್‌ನನ್ನು, ಹತ್ತೊಂಬತ್ತು ವರ್ಷ ಓಡಿಸಿದ ಹದಿನಾಲ್ಕನೇ ನಂಬರಿನ ಬಸ್ಸಿನಿಂದಲೇ ಇಳಿಸಿದಿರಿ. ಹಿರಿತನದ ಪ್ರಕಾರ ರೂಟು ಆರಿಸಿಕೊಳ್ಳುವ ನಮ್ಮ ಪಟ್ಟಿಯಲ್ಲಿ ಮೊದಲ ಹೆಸರು ಅವನದು. ಈಗ ಶೆಡ್ಡಿನಲ್ಲಿ ಸೀಟು ತೊಳೆಯುತ್ತಾನೆ. ಹೇಳಿದ್ದು ಕಿವಿಗೆ, ಸೇರಿದ್ದು ಕಡತದ ಗವಿಗೆ!

ವಾಸಿಲ್ ಎಂಥವನೆಂದು ನಿಮಗೆ ಗೊತ್ತೇ? ಆರು ವರ್ಷದ ಹಿಂದೆ ಹೊಳೆಯ ಸೇತುವೆಯ ಮೇಲೆ ಬಸ್ಸು ಓಡಿಸುತ್ತಿದ್ದ ನನಗೆ ಇದ್ದಕ್ಕಿದ್ದಂತೆ ಎದೆ ಬಿಗಿಯಿತು, ಬೆವರಿಗೆ ಸ್ಟೀರಿಂಗು ಜಾರಿತು. ಎದುರು ಬಂದ ವಾಸಿಲ್‌ಗೆ ಕೈ ಎತ್ತಲಿಲ್ಲ. ಎದುರುಬದುರಾದ ಚಾಲಕ ಕೈ ಎತ್ತದಿದ್ದರೆ ಒಂದೋ ಜಗಳ, ಇಲ್ಲವೇ ಜ್ವರ ಎಂಬುದು ನಮ್ಮ ಶಾಸ್ತ್ರ. ಸಂಜೆ ಡಿಪೋದಲ್ಲಿ ಅವನು ನನ್ನನ್ನು ಹಿಡಿದುಕೊಂಡ.

“ಏನೋ ತಮ್ಮಾ, ನನ್ ಮೇಲೆ ಕೋಪಾನಾ?”

“ಸೇತುವೆ ಮೇಲೆ ಉಸಿರೇ ಸಿಗ್ಲಿಲ್ಲ ಕಣಣ್ಣ.”

“ಅಷ್ಟೇನಾ! ಸ್ಕೂಲಲ್ಲಿ ಏನಾದ್ರೂ ಬಾಯಿಪಾಠ ಮಾಡ್ಸಿದ್ರಾ? ಅದನ್ನೇ ಜೋರಾಗಿ ಹೇಳು. ಜನ ಪ್ರಾರ್ಥನೆ ಅಂದ್ಕೊಂಡು ಕಂಬಿ ಗಟ್ಟಿಯಾಗಿ ಹಿಡ್ಕೋತಾರೆ.”

ಅಂದಿನಿಂದ ಹದಿನೇಳರ ಮಗ್ಗಿ ನನ್ನ ಮದ್ದು. ಆಮೇಲೆ ವೈದ್ಯೆಯ ಬಳಿಗೂ ಅವನೇ ಕರೆದೊಯ್ದ. ಆರು ವರ್ಷ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಅವನಿಗೆ ನಿಮ್ಮ ಎರಡು ದಿನದ ತರಬೇತಿಯೂ ಇರಲಿಲ್ಲ, ಎದೆಯ ಮೇಲೆ ಹಸಿರು ಬಿಲ್ಲೆಯೂ ಇರಲಿಲ್ಲ.

ಆ ಬಿಲ್ಲೆ ನಿಮ್ಮ ಕೊಡುಗೆ. ಜೊತೆಯವರ ಅಳಲು ಆಲಿಸಲೆಂದು ಚಾಲಕರಲ್ಲೇ ಕೆಲವರನ್ನು ಆರಿಸಿ, ‘ಕೇಳುವ ಕಿವಿ’ ಎಂದು ಹೆಸರಿಟ್ಟು ಎದೆಗೆ ಚುಚ್ಚಿದಿರಿ. ಕಳೆದ ಅಕ್ಟೋಬರಿನಲ್ಲಿ ಒಂದು ನಿಲ್ದಾಣದ ಬಳಿ ಒಬ್ಬಳು ಹುಡುಗಿ ವಾಸಿಲ್‌ನ ಬಸ್ಸಿಗೆ ಅಡ್ಡ ಓಡಿದಳು. ಬ್ರೇಕು ಹಿಡಿಯಿತು, ಅವಳಿಗೇನೂ ಆಗಲಿಲ್ಲ. ಆದರೆ ಆ ನಿಲ್ದಾಣ ಬಂದರೆ ಸಾಕು, ಇವನ ಕಾಲು ನಡುಗತೊಡಗಿತು. ಒಂದು ಮಧ್ಯಾಹ್ನ ಬಿಲ್ಲೆ ತೊಟ್ಟ ಮಹಾಶಯನೊಬ್ಬನ ಎದುರು ಕುಳಿತು, ಡಬ್ಬಿಯ ಪೆರೋಗಿ ಕಡುಬು ಮುಟ್ಟದೆ ಹೇಳಿದ:

“ಆ ಸ್ಟಾಪಲ್ಲಿ ಎರಡು ನಿಮಿಷ ಸುಮ್ನೆ ನಿಲ್ಲಿಸ್ತೀನಿ. ಕಾಲು ನನ್ ಮಾತು ಕೇಳಿದ ಮೇಲೇ ಹೊರಡೋದು. ನಿಂಗೆ ಹೇಳಿ ಎಷ್ಟು ಹಗುರಾಯ್ತು ಗೊತ್ತಾ, ತಮ್ಮಾ?”

ಕೇಳಿದ್ದನ್ನೆಲ್ಲ ಮಹಾಶಯ ನಿಮ್ಮ ಫಾರಂನಲ್ಲಿ ತುಂಬಿದ. ಬರೀ ಅಂಕಿ-ಅಂಶಕ್ಕೆ ಎಂದಿದ್ದಿರಲ್ಲ! ಹೆಸರಿನ ಜಾಗ ಖಾಲಿ ಬಿಟ್ಟು, ಬಲು ಜಾಣನಂತೆ, ರೂಟು ಹದಿನಾಲ್ಕು, ಬೆಳಗಿನ ಪಾಳಿ ಎಂದು ಬರೆದ. ಚಾಲಕರಿಗೆ ರೂಟೇ ಹೆಸರು. ಹಾಗೆ ಬರೆದೂ ಗುಟ್ಟು ಉಳಿಯಿತೆಂದು ಚಾಲಕನೇ ನಂಬಿದರೆ ಏನೆನ್ನಬೇಕು? ನಾಲ್ಕೇ ದಿನಕ್ಕೆ ವಾಸಿಲ್‌ನ ಕೈಗೆ ಬಕೆಟ್ಟು ಬಂತು.

ಪ್ರಯಾಣಿಕರ ಸುರಕ್ಷತೆ ಎನ್ನುವಿರಿ. ಒಪ್ಪಿದೆ. ಹಾಗಾದರೆ ಅವನನ್ನು ಪರೀಕ್ಷಿಸಿದ ವೈದ್ಯರು ಯಾರು? ಕಾಲು ನಡುಗಿದಾಗ ಬಸ್ಸು ನಿಲ್ಲಿಸಬಲ್ಲವನು ಅಪಾಯವೋ, ಎದೆ ಬಿಗಿದರೂ ಬಾಯಿ ಬಿಗಿದುಕೊಂಡು ಓಡಿಸುವ ನಾವು ಅಪಾಯವೋ?

ವಾಸಿಲ್‌ನನ್ನು ವೈದ್ಯರು ನೋಡಲಿ. ಅವರು ಹೂಂ ಎಂದ ದಿನ ಹದಿನಾಲ್ಕು ಅವನಿಗೆ ಮರಳಲಿ. ಫಾರಂಗಳನ್ನು ಹರಿದುಹಾಕಿ. ಈ ಪತ್ರಕ್ಕೆ ಚುಚ್ಚಿರುವ ಹಸಿರು ಬಿಲ್ಲೆಯನ್ನೂ ತೆಗೆದುಕೊಳ್ಳಿ.

ಅದು ನನ್ನದು. ಆ ಮಹಾಶಯ ನಾನೇ. ನಿನ್ನೆ ಶೆಡ್ಡಿನಿಂದ ಬಸ್ಸು ಹೊರತೆಗೆಯುವಾಗ ವಾಸಿಲ್ ಬಾಗಿಲಲ್ಲಿ ನಿಂತಿದ್ದ. ನಾನು ಕೈ ಎತ್ತಿದೆ. ಅವನು ಎತ್ತಲಿಲ್ಲ.

ಇಂತಿ,
ರೂಟು ಇಪ್ಪತ್ತೆರಡು, ಬೆಳಗಿನ ಪಾಳಿ
(ಹೆಸರು ಬರೆದಿಲ್ಲ, ನಿಮಗೆ ಇಷ್ಟು ಸಾಕು)