ಅಮ್ಮ ಪಾಸಾದ ಪರೀಕ್ಷೆ

ರಾಮಮೂರ್ತಿ ನಗರ,
ಶುಕ್ರವಾರ

ಮುನೀರ್ ಭಾಯ್ ಅವರಿಗೆ,

ನಮಸ್ಕಾರ. ನಾನು ಯಮುನಾ. ಎರಡು ತಿಂಗಳ ಹಿಂದೆ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ, ನಿಮ್ಮ ಮೊಬೈಲ್ ಕವರಿನ ಗಾಡಿಯ ಎದುರಿಗೇ ಕುಸಿದು ಬಿದ್ದ ಮುನಿಆಂಜನಪ್ಪನವರ ಮಗಳು. ಮೊನ್ನೆ ನೀವು ಪೊಲೀಸರಿಂದ ನನ್ನ ನಂಬರ್ ಪಡೆದು ಫೋನ್ ಮಾಡಿ, ಅಪ್ಪನ ಕೈಯಲ್ಲಿದ್ದ ಮಿಕ್ಸಿ ಜಾರು ಗಾಡಿಯ ಕೆಳಗೇ ಉಳಿದುಬಿಟ್ಟಿದೆ, ಭಾನುವಾರ ಮನೆಗೆ ತಂದುಕೊಡುತ್ತೇನೆ ಎಂದಿರಿ. ಇಡುವ ಮುಂಚೆ ಇನ್ನೊಂದು ಕೇಳಿದಿರಿ. "ಬೇಜಾರ್ ಮಾಡ್ಕೋಬೇಡಿ ಮೇಡಂ, ಅವತ್ತು ಐದ್ ಸಲ ಫೋನ್ ಮಾಡ್ದೆ. ಯಾಕೆ ಯಾರೂ ನಂಬ್ಲಿಲ್ಲ?" ಸಿಗ್ನಲ್ ಸರಿಯಿಲ್ಲ ಎಂದು ಸುಳ್ಳು ಹೇಳಿ ನಾನು ಕಟ್ ಮಾಡಿದೆ. ಫೋನ್ ಕಟ್ ಮಾಡುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಚೆನ್ನಾಗಿ ಬರುತ್ತದೆ.

ಬಾಯಲ್ಲಿ ಹೇಳುವ ಧೈರ್ಯ ಇಲ್ಲದ್ದಕ್ಕೆ ಬರೆಯುತ್ತಿದ್ದೇನೆ, ನಾಳೆ ನಿಮ್ಮ ಗಾಡಿಗೇ ತಲುಪಿಸುತ್ತೇನೆ.

ನಾನು ಸೈಬರ್ ಭದ್ರತೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇದು ಐದನೇ ವರ್ಷ. ಫೋನಿನಲ್ಲಿ ಮೋಸ ಮಾಡುವವರನ್ನು ಜನ ಯಾಕೆ ನಂಬುತ್ತಾರೆ, ನಂಬದಂತೆ ಅವರಿಗೆ ಹೇಗೆ ಕಲಿಸಬೇಕು ಎನ್ನುವುದು ನನ್ನ ವಿಷಯ. ತಾತ ಕೆರೆ ಬಯಲಿನಲ್ಲಿ ರಾಗಿ ಬೆಳೆದವರು. ಅಪ್ಪ ಹಳೆ ಮದ್ರಾಸ್ ರಸ್ತೆಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತವರು. ಮಗಳ ಓದು ಏನೆಂದು ಅವರಿಗೆ ಪೂರ್ತಿ ಅರ್ಥವಾಗಿರಲಿಲ್ಲ, ಆದರೂ ಸಿಕ್ಕವರಿಗೆಲ್ಲ ಹೇಳುತ್ತಿದ್ದರು: "ನಮ್ ಹುಡುಗಿ ಡಾಕ್ಟ್ರು ಆಗ್ತಾವ್ಳೆ. ನಮಗೆಲ್ಲ ಸೂಜಿ ಹಾಕಲ್ಲ, ಕಳ್ಳರಿಗೆ ಮಾತ್ರ." ಆ ತಮಾಷೆ ಕೇಳಿ ಕೇಳಿ ನನಗೆ ರೇಗುತ್ತಿತ್ತು. ಈಗ ಯಾರಾದರೂ ಒಂದು ಸಲ ಹೇಳಲಿ ಅನ್ನಿಸುತ್ತದೆ.

ನನ್ನ ಪ್ರಯೋಗಕ್ಕೆ ಐವತ್ತು ದಾಟಿದವರು ಬೇಕಿತ್ತು. ನಮ್ಮ ಬೀದಿಯ ಹೆಂಗಸರನ್ನು ಮೂರು ಶನಿವಾರ ಮನೆಯ ಹಜಾರದಲ್ಲಿ ಕೂರಿಸಿ ಪಾಠ ಮಾಡಿದೆ. ನಿಮ್ಮವರಿಗೆ ಆಕ್ಸಿಡೆಂಟ್ ಆಗಿದೆ, ಆಸ್ಪತ್ರೆಯಲ್ಲಿದ್ದಾರೆ, ಬೇಗ ಬನ್ನಿ ಎಂದು ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಮೊದಲು ಕಟ್ ಮಾಡಿ. ಆಮೇಲೆ ಆ ನಿಮ್ಮವರಿಗೇ ಫೋನ್ ಮಾಡಿ ಕೇಳಿ. ಮತ್ತೆ ಮತ್ತೆ ಬಂದರೆ ಬ್ಲಾಕ್ ಮಾಡಿ. ಈ ತಿಂಗಳಲ್ಲಿ ಯಾವತ್ತಾದರೂ ಒಂದು ದಿನ ನಮ್ಮ ಲ್ಯಾಬಿನಿಂದಲೇ ಮೋಸಗಾರರ ಹಾಗೆ ಫೋನ್ ಮಾಡಿ ನಿಮ್ಮನ್ನು ಪರೀಕ್ಷೆ ಮಾಡುತ್ತೇವೆ, ಯಾವ ದಿನ ಎಂದು ಹೇಳುವುದಿಲ್ಲ ಎಂದೂ ತಿಳಿಸಿದ್ದೆ. ಸಹಿ ಹಾಕಿದವರಲ್ಲಿ ಮೊದಲ ಹೆಸರು ಅಮ್ಮನದು. ಸ್ವಂತ ತಾಯಿಯನ್ನು ಸೇರಿಸಿಕೊಳ್ಳಬಾರದಿತ್ತು. ಜನ ಸಾಲಲಿಲ್ಲ, ಸೇರಿಸಿಕೊಂಡೆ.

ಅಮ್ಮ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಇಷ್ಟು ವರ್ಷಕ್ಕೆ ಒಂದು ಪರೀಕ್ಷೆ ಬಂದಿದೆ ಎಂದು ಅವಳಿಗೆ ಭಾರೀ ಸಂಭ್ರಮ. ಒಗ್ಗರಣೆ ಹಾಕುತ್ತಾ ಪಾಠ ಒಪ್ಪಿಸುತ್ತಿದ್ದಳು. ತಾನು ಫೇಲಾದರೆ ನನ್ನ ಡಿಗ್ರಿಗೆ ತೊಂದರೆ ಎಂದು ಹೇಗೋ ತಲೆಗೆ ಹಚ್ಚಿಕೊಂಡಿದ್ದಳು. ಹಾಗೇನಿಲ್ಲ ಎಂದು ನಾನೂ ಬಿಡಿಸಿ ಹೇಳಲಿಲ್ಲ.

ಆ ಗುರುವಾರ ಅಪ್ಪ ಜಾರಿನ ಬ್ಲೇಡು ಸರಿ ಮಾಡಿಸಲು ಶಿವಾಜಿನಗರಕ್ಕೆ ಹೋಗಿದ್ದರು. ನಮ್ಮ ರಸ್ತೆಯಲ್ಲೇ ಮೂರು ರಿಪೇರಿ ಅಂಗಡಿಗಳಿವೆ, ಆದರೆ ಅವರಿಗೆ ರಸೆಲ್ ಮಾರ್ಕೆಟ್ ಹತ್ತಿರದ ಆ ಒಬ್ಬ ಮುದುಕನೇ ಆಗಬೇಕು. ವಾಪಸು ಬರುವಾಗ ಬಸ್ ಬದಲಾಯಿಸಲು ಟಿನ್ ಫ್ಯಾಕ್ಟರಿಯಲ್ಲಿ ಇಳಿದರು. ಮುಂದಿನದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅವರ ಫೋನು ಬಿದ್ದು ಒಡೆದಿತ್ತು. ನೀವು ಗಾಡಿ ಮುಚ್ಚಿ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿ, ಅವರ ಜೇಬಿನಲ್ಲಿದ್ದ ಚೀಟಿ ನೋಡಿ ಫೋನ್ ಮಾಡಿದಿರಿ. ಆ ಚೀಟಿ ಬರೆದವಳು ನಾನೇ. ಲ್ಯಾಬಿನಲ್ಲಿ ನಾನು ಫೋನ್ ಎತ್ತುವುದಿಲ್ಲವೆಂದು ಅಮ್ಮನ ನಂಬರನ್ನು ಮಾತ್ರ ಬರೆದಿದ್ದೆ.

ನೀವು ಆಡಿದ ಮಾತು ನನ್ನ ಪಾಠದಲ್ಲಿದ್ದ ಮಾತೇ, ಒಂದಕ್ಷರ ಆಚೀಚೆ ಇಲ್ಲ. ಅಮ್ಮ ಕಲಿತದ್ದನ್ನು ಕಲಿತ ಹಾಗೆಯೇ ಮಾಡಿದಳು. ಕಟ್ ಮಾಡಿ ಅಪ್ಪನಿಗೆ ಫೋನ್ ಮಾಡಿದಳು, ಸ್ವಿಚ್ ಆಫ್. ಅವರು ಯಾವತ್ತು ನೆಟ್ಟಗೆ ಚಾರ್ಜ್ ಹಾಕಿದ್ದಾರೆ ಎಂದುಕೊಂಡಳು. ನನಗೆ ಮಾಡಿದಳು. ನಮ್ಮ ಲ್ಯಾಬಿನೊಳಗೆ ಫೋನ್ ಒಯ್ಯುವಂತಿಲ್ಲ, ಅದು ಹೊರಗೆ ಲಾಕರಿನಲ್ಲಿ ಬಡಿದುಕೊಳ್ಳುತ್ತಿತ್ತು. ಹಾಗಾದರೆ ಇದು ಮಗಳು ಹೇಳಿದ ಪರೀಕ್ಷೆಯೇ ಎಂದು ಅವಳಿಗೆ ಖಾತ್ರಿಯಾಯಿತು. ಮೂರನೇ ಸಲ ನಿಮಗೆ ಬೈದಳಲ್ಲ, "ನಿನ್ನಂಥ ಕಳ್ಳರನ್ನ ಹಿಡಿಯಾಕೇ ನಮ್ ಹುಡುಗಿ ಓದ್ತಾವ್ಳೆ, ಇಡೋ ಫೋನು" ಎಂದು, ಅದು ನನ್ನ ಮೇಲಿನ ಅಭಿಮಾನ ಮುನೀರ್ ಭಾಯ್. ಐದನೇ ಸಲದ ನಂತರ ನಿಮ್ಮನ್ನು ಬ್ಲಾಕ್ ಮಾಡಿದಳು.

ಮಧ್ಯಾಹ್ನ ಮೂರಕ್ಕೆ ನಾನು ಲಾಕರ್ ತೆಗೆದು ಫೋನ್ ಮಾಡಿದಾಗ ಅವಳ ದನಿಯಲ್ಲಿ ಎಂಥ ಖುಷಿಯಿತ್ತು! "ಬಂತು ಕಣೇ ನಿನ್ನ ಪರೀಕ್ಷೆ! ಐದ್ ಸಲ ಮಾಡ್ದ. ಅಳೋ ಥರ ಏನ್ ಆಕ್ಟಿಂಗು ಅಂತೀಯ. ನಾನ್ ಬಿದ್ನಾ? ಪಾಸೋ ಇಲ್ವೋ, ಅದ್ ಹೇಳು ಮೊದ್ಲು." ಅಮ್ಮನ ಪರೀಕ್ಷೆ ಮುಂದಿನ ವಾರಕ್ಕಿತ್ತು. ಅಪ್ಪ ಬಂದರಾ ಎಂದು ಕೇಳಿದೆ. "ಇನ್ನೂ ಇಲ್ಲ. ಇರು, ಯಾರೋ ಪೊಲೀಸ್ನೋರು ಬಂದವ್ರೆ" ಎಂದಳು.

ಅಪ್ಪನ ಆಧಾರ್ ಕಾರ್ಡಿನ ವಿಳಾಸ ಹುಡುಕಿಕೊಂಡು ಬಂದಿದ್ದರು. ಅಷ್ಟರಲ್ಲಿ ಅಪ್ಪ ತೀರಿಹೋಗಿ ಒಂದು ಗಂಟೆಯಾಗಿತ್ತು. ನಾವು ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಇರಬಹುದು. ಆದರೆ ಅವರಿಗೆ ಸುಮಾರು ಹೊತ್ತು ಎಚ್ಚರವಿತ್ತಂತೆ, ಬಾಗಿಲ ಕಡೆಗೇ ನೋಡುತ್ತಿದ್ದರಂತೆ. ಇದನ್ನು ನರ್ಸ್ ಹೇಳಿದರು. ಹೇಳದಿದ್ದರೆ ಚೆನ್ನಾಗಿತ್ತು.

ಮಣ್ಣು ಮಾಡಿ ಬಂದ ದಿನ ಅಮ್ಮ ಒಂದೇ ಸಲ ಕೇಳಿದಳು, "ಆ ಫೋನು ನಿಮ್ಮೋರದೇ ತಾನೇ?" ಹೌದಮ್ಮ, ನಮ್ಮದೇ ಎಂದೆ. ಅವಳು ತಲೆಯಾಡಿಸಿದಳು. ಆಮೇಲೆ ಆ ಮಾತು ತೆಗೆಯಲೇ ಇಲ್ಲ.

ನನ್ನ ಗೈಡಿಗೆ ಎಲ್ಲವನ್ನೂ ಹೇಳಿದೆ. ಕೆಟ್ಟವರಲ್ಲ, ನನ್ನ ಜೊತೆ ಕಣ್ಣೀರೂ ಹಾಕಿದರು. ಆದರೆ ಆ ಕರೆಗಳು ನಮ್ಮವಲ್ಲವಲ್ಲ, ನಮ್ಮ ಡೇಟಾಕ್ಕೆ ಸಂಬಂಧವಿಲ್ಲ, ಥೀಸಿಸ್ ಕೊಟ್ಟುಬಿಡು ಎಂದರು. ಅವರು ಹೇಳಿದ್ದು ಸರಿಯೇ. ಪಾಠ ಕೇಳಿದ ಮೇಲೆ ಫೋನ್ ಕಟ್ ಮಾಡಿದವರ ಸಂಖ್ಯೆ ಎಷ್ಟೋ ಪಾಲು ಏರಿದೆ ಎಂದು ನನ್ನ ಟೇಬಲ್ ತೋರಿಸುತ್ತದೆ. ಕಟ್ ಮಾಡಿದವರೆಲ್ಲ ಪಾಸು. ನಿಜವಾದ ಕರೆಯನ್ನು ಎಷ್ಟು ಜನ ಕಟ್ ಮಾಡಿದರು ಎನ್ನುವುದಕ್ಕೆ ಅದರಲ್ಲಿ ಜಾಗವೇ ಇಲ್ಲ. ಐದು ವರ್ಷದಲ್ಲಿ ನನಗದು ಒಮ್ಮೆಯೂ ಹೊಳೆದಿರಲಿಲ್ಲ. ಅದರ ಬಗ್ಗೆ ಒಂದು ಅಧ್ಯಾಯ ಬರೆಯದೆ ಥೀಸಿಸ್ ಕೊಡುವುದಿಲ್ಲ ಎಂದು ಹೇಳಿ ಬಂದಿದ್ದೇನೆ. ಡಿಗ್ರಿ ಸಿಕ್ಕರೆ ಸಿಗಲಿ, ಇಲ್ಲದಿದ್ದರೆ ಇಲ್ಲ.

ನಿಜ ಹೇಳುತ್ತೇನೆ, ಈ ಕಾಗದ ಬರೆಯಲು ಕುಳಿತದ್ದು ನೀವು ಮನೆಗೆ ಬರಬೇಡಿ ಎನ್ನಲು. ಬಂದರೆ ಅಮ್ಮನಿಗೆ ಗೊತ್ತಾಗುತ್ತದೆ, ಗೊತ್ತಾದರೆ ಬದುಕುವುದಿಲ್ಲ ಎಂದು ಹೆದರಿದ್ದೆ. ಎರಡು ಹಾಳೆ ಹರಿದು ಹಾಕಿದೆ. ಕೊನೆಗೆ ತಡೆಯಲಾಗದೆ ಎದ್ದುಹೋಗಿ, ನುಗ್ಗೆಸೊಪ್ಪು ಬಿಡಿಸುತ್ತಿದ್ದ ಅಮ್ಮನ ಎದುರು ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ತಲೆ ಎತ್ತಲಿಲ್ಲ. "ಗೊತ್ತು. ಪೊಲೀಸ್ನೋರು ಬಾಗ್ಲಲ್ಲಿ ನಿಂತಾಗ್ಲೇ ಗೊತ್ತಾಯ್ತು. ನಾನೇನ್ ಮಗೂನಾ? ಹೇಳಿದ್ರೆ ನೀನು ಓದು ಬಿಟ್ಬಿಡ್ತೀಯ ಅಂತ ಸುಮ್ನಿದ್ದೆ."

ಎರಡು ತಿಂಗಳು ಒಂದೇ ಮನೆಯಲ್ಲಿ, ಒಂದೇ ಸಾರು ಉಂಡುಕೊಂಡು, ಒಬ್ಬರನ್ನೊಬ್ಬರು ಹೀಗೆ ಕಾಯ್ದುಕೊಂಡಿದ್ದೆವು. ನಾನು ಅತ್ತೆ. ಅವಳು ಸೊಪ್ಪು ಬಿಡಿಸಿ ಮುಗಿಸಿದಳು.

ಆಮೇಲೆ ಒಳಗಿನಿಂದ ತನ್ನ ಫೋನ್ ತಂದು ನನ್ನ ಕೈಗಿಟ್ಟಳು. "ಆ ನಂಬರ್ ಇನ್ನೂ ಬ್ಲಾಕಲ್ಲೇ ಅದೆ. ಹಾಕಾದ್ ಹೇಳ್ಕೊಟ್ಟೆ, ತೆಗ್ಯಾದ್ ಹೇಳ್ಕೊಡ್ಲಿಲ್ಲ ನೀನು."

ಹೇಳಿಕೊಟ್ಟೆ. ಅವಳೇ ತೆಗೆದಳು.

ಭಾನುವಾರ ತಪ್ಪದೆ ಬನ್ನಿ. ಕಳ್ಳ ಅಂದದ್ದಕ್ಕೆ ಅವಳು ನಿಮ್ಮ ಕ್ಷಮೆ ಕೇಳಬೇಕಂತೆ. ಇನ್ನೂ ಒಂದು ಮಾತು ಕೇಳಬೇಕಂತೆ: ಅಪ್ಪ ನೀರು ಕೇಳಿದರಾ, ಯಾರಾದರೂ ಕೊಟ್ಟರಾ ಎಂದು. ಉತ್ತರ ಏನೇ ಇದ್ದರೂ ನಿಜವನ್ನೇ ಹೇಳಿ. ನಮ್ಮ ಮನೆಯಲ್ಲಿ ಸುಳ್ಳು ಸಾಕಾಗಿದೆ.

ನೀವು, ನಿಮ್ಮ ಮನೆಯವರು ಎಲ್ಲರೂ ಚೆನ್ನಾಗಿರಿ. ಕಷ್ಟದಲ್ಲಿ ನೀವು ಕೂಗಿದರೆ ನಂಬುವವರು ಸಿಗಲಿ. ಹೊರಡುವ ಮುಂಚೆ ಆ ಹಳೆಯ ನಂಬರಿಗೇ ಒಂದು ಫೋನ್ ಮಾಡಿ. ಅಮ್ಮ ಎತ್ತುತ್ತಾಳೆ.

ಎಂದೂ ನಿಮ್ಮ ಋಣದಲ್ಲಿರುವ,
ಯಮುನಾ