ದಾಖಲೆಗೆ ಇನ್ನೊಂದು ಡಬಲ್ ಪ್ಲೇ

ಸೆಪ್ಟೆಂಬರ್ 19, 1977. ಸೋಮವಾರ, ಬೆಳಿಗ್ಗೆ

ಬಲ ಮೊಣಕೈ ಐಸ್ ಬಕೆಟ್ಟಿನಲ್ಲಿ. ಎಡಗೈ ಬರಹ — ಕಾಗೆ ಕಾಲು ಗುಬ್ಬಿ ಕಾಲು. ನಿನ್ನೆಯ ಬೇಸ್‌ಬಾಲ್ ಆಟದಲ್ಲಿ ಎರಡು ಡಬಲ್ ಪ್ಲೇ — ಒಂದೇ ಹೊಡೆತಕ್ಕೆ ಇಬ್ಬರು ಔಟ್. ಲೀಗಿನ ದಾಖಲೆಗೆ ಸಮ. ಇನ್ನೊಂದಾದರೆ ನನ್ನದು. ಶನಿವಾರದ ಆಟವೇ ನನಗೆ ಕೊನೆ ಎಂದು ಮ್ಯಾನೇಜರ್ ಹೇಳಿಯಾಗಿದೆ. ಚೆಂಡೆಸೆಯಲು ಮೂವತ್ತೊಂಬತ್ತು ವಯಸ್ಸಿನ ಪಿಚರ್ ಯಾರಿಗೆ ಬೇಕು?

ನನ್ನ ದಾಖಲೆ ಅನ್ನುವುದೇ ಅರ್ಧ ಸುಳ್ಳು. ನಾನು ಚೆಂಡು ತಗ್ಗಿಸಿ ಎಸೆದು ನೆಲಕ್ಕೆ ಹೊಡೆಸುತ್ತೇನೆ, ಅಷ್ಟೇ. ಎರಡನೇ ಬೇಸಿನಲ್ಲಿ ನಿಂತು, ಓಟಗಾರ ಮೈಮೇಲೆ ಬೀಳುವಾಗಲೂ ಕದಲದೆ, ಒಂದೇ ಚೆಂಡಿಗೆ ಇಬ್ಬರನ್ನು ಔಟ್ ಮಾಡುವವನು ಲೈಲ್. ಹನ್ನೊಂದು ವರ್ಷದಿಂದ. ಮೊಣಕಾಲು ಸವೆದು ಹೋಗಿದೆ, ಈ ವರ್ಷ ಆಡಲೇಬಾರದಿತ್ತು. "ನಿನ್ನದೊಂದು ಮುಗಿಸಿ ಹೋಗ್ತೀನಿ ಕಣೋ ಮುದುಕಾ" ಅಂದ.

ಸೆ. 24. ಶನಿ, ಸಂಜೆ

ಬರೆಯಲು ಮನಸ್ಸಿಲ್ಲ. ಆದರೂ...

ಏಳು ಇನ್ನಿಂಗ್ಸ್, ಒಂದೂ ಇಲ್ಲ. ಡಬಲ್ ಪ್ಲೇ ಆಗಬೇಕಾದರೆ ಮೊದಲ ಬೇಸಿನಲ್ಲಿ ಒಬ್ಬನಿರಬೇಕು. ಬಂದದ್ದು ಇಬ್ಬರೇ, ಎರಡು ಸಲವೂ ಮುಂದಿನವನು ಚೆಂಡನ್ನು ಮೇಲಕ್ಕೆತ್ತಿದ. ಎಂಟನೆಯದರ ಆರಂಭದಲ್ಲೇ ಬೇಕಂತಲೇ ನಾಲ್ಕು ಚೆಂಡು ಆಚೆ ಎಸೆದು ಎದುರು ತಂಡದ ಡೆಕರ್‌ನನ್ನು ಮೊದಲ ಬೇಸಿಗೆ ಕಳಿಸಿದೆ; ನಾಲ್ಕು ಆಚೆ ಹೋದರೆ ಬ್ಯಾಟರ್‌ಗೆ ಆ ಬೇಸ್ ಪುಕ್ಕಟೆ. ಗೂಳಿಯಂಥ ಆಳು. ಮುಂದಿನವನು ನೆಲಕ್ಕೇ ಹೊಡೆದ. ಎರಡನೇ ಬೇಸಿನ ಪಕ್ಕ ನಿಲ್ಲುವ ಶಾರ್ಟ್‌ಸ್ಟಾಪ್ ಆಟಗಾರ ಹಿಡಿದು ಲೈಲ್‌ಗೆ ಕೊಟ್ಟ. ಡೆಕರ್ ಬೇಸ್ ಬಿಟ್ಟು ನೇರ ಲೈಲ್‌ನ ಕಾಲಿಗೇ ಜಾರಿ ಬಂದ. ಮೂಳೆ ಮುರಿದದ್ದು ನನಗೆ ಕೇಳಿಸಿತು.

ಬೇಕಂತಲೇ ಅಡ್ಡ ಬಂದನೆಂದು ಅಂಪೈರ್ ಡೆಕರ್‌ಗೂ ಚೆಂಡು ಹೊಡೆದವನಿಗೂ ಔಟ್ ಕೊಟ್ಟ. ಲೈಲ್ ಸ್ಟ್ರೆಚರ್ ಮೇಲಿಂದ ನನಗೆ ಹೆಬ್ಬೆರಳು ಎತ್ತಿದ. ಥೂ, ಆ ಹೊತ್ತಿನಲ್ಲೂ ನಾನು ಎಣಿಸಿಕೊಂಡೆ — ದಾಖಲೆ ಆಯಿತು ಅಂತ.

ಸೆ. 25. ಭಾನು

ಆಗಿಲ್ಲ. ಸ್ಕೋರ್ ಬರೆಯುವವನು ಫೋನ್ ಮಾಡಿದ್ದ. ಓಟಗಾರನ ಅಡ್ಡಿಯಿಂದ ಬ್ಯಾಟರ್ ಔಟಾದರೆ ಅದು ನನ್ನ ಲೆಕ್ಕಕ್ಕೆ ಬರುವುದಿಲ್ಲವಂತೆ. ಹದಿನೇಳು ವರ್ಷ ಆಡಿದ್ದೇನೆ, ಈ ನಿಯಮ ಗೊತ್ತಿರಲಿಲ್ಲ.

ಆಸ್ಪತ್ರೆಗೆ ಹೋದೆ. ಇನ್ನು ಊರುಗೋಲಿಲ್ಲದೆ ನಡೆಯುವುದು ಕಷ್ಟವಂತೆ ಎಂದು ಅವನ ಹೆಂಡತಿ ಅರ್ಲೀನ್ ಬಾಗಿಲಲ್ಲೇ ಹೇಳಿದಳು. ಲೈಲ್ ಕಾಲಿನ ಮಾತೇ ಎತ್ತಲಿಲ್ಲ. ಎಣಿಸಿದರಾ ಎಂದು ಕೇಳಿದ. ಹೂಂ, ದಾಖಲೆ ಆಯಿತು ಅಂದುಬಿಟ್ಟೆ. ಖುಷಿಗೆ ಅತ್ತ. ಪೇಪರ್ ತೋರಿಸಬೇಡ ಎಂದು ಅರ್ಲೀನ್‌ಗೆ ಹೇಳಿ ಬಂದೆ.

ಸೆ. 30. ಶುಕ್ರ

ಇಷ್ಟು ದಿನ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಇವತ್ತು ಹೋದೆ. ರೇಡಿಯೋದಲ್ಲಿ ಕೇಳಿಬಿಟ್ಟಿದ್ದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿಯಮಕ್ಕೆ ಯಾರು ಏನು ಮಾಡೋಕಾಗುತ್ತೆ ಅಂದ. ಆಮೇಲೆ —

"ಒಂದು ಹೇಳು ವರ್ನ್. ಡೆಕರ್‌ಗೆ ಹಾಕಿದ ಆ ನಾಲ್ಕು ಚೆಂಡು... ಕೈ ನೋವಿಗೆ ತಪ್ಪಿದ್ದು ತಾನೇ?"

ಹನ್ನೊಂದು ವರ್ಷ ನನ್ನ ಬೆನ್ನ ಹಿಂದೆ ನಿಂತವನು. ನನ್ನ ಕೈ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.

"ಹೌದು. ನೋವಿಗೇ" ಅಂದೆ.

ಮುಖ ಗೋಡೆ ಕಡೆ ತಿರುಗಿಸಿದ.

"ಇನ್ಮೇಲೆ ಬರಬೇಡ."

ಅರ್ಲೀನ್ ನನ್ನ ಕೋಟು ತಂದು ಕೈಗೆ ಕೊಟ್ಟಳು. ಮೆಟ್ಟಿಲಿಳಿದು ಕಾರಿನಲ್ಲಿ ಕೂತೆ. ಮತ್ತೆ ಮೇಲೆ ಹೋಗಿ ನಿಜ ಹೇಳೋಣ ಎಂದು ಬಾಗಿಲು ತೆರೆದೆ, ಒಂದು ಕಾಲು ಹೊರಗಿಟ್ಟೆ, ಆದರೆ ಇಳಿಯಲಿಲ್ಲ. ಬಾಗಿಲು ಎಳೆದುಕೊಂಡು ಕಾರು ಹೊರಡಿಸಿದೆ.